ಆರು ವರ್ಷ, 43 ಕಾಮಿಕ್ಸ್, ಒಂದು ಬಾಗಿದ ಮೂಲೆ

ಗ್ರೇಡಿಂಗ್ ಅಂದರೆ ಕಾಮಿಕ್ಸ್ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಒಂದು ಕಂಪನಿಯವರು ನೋಡಿ, ಹತ್ತರೊಳಗೆ ಅಂಕ ಕೊಟ್ಟು, ಲೇಬಲ್ ಇರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವುದು. ಹಾಗೆ ಕಳಿಸಿದ ಕಾಮಿಕ್ಸ್ ವಾಪಸ್ ಬಂದಾಗ ಎಲ್ಲರ ಕಣ್ಣು ಹೋಗುವುದು ಲೇಬಲ್ ಮೇಲಿನ ಅಂಕಿಗೆ. ನನ್ನ ಕಣ್ಣು ಹೋಗುವುದು ಗ್ರೇಡರ್ ನೋಟ್ಸ್‌ಗೆ. ಕಂಪನಿಯ ವೆಬ್‌ಸೈಟಿನಲ್ಲಿ ಸರ್ಟಿಫಿಕೇಟ್ ನಂಬರ್ ಹಾಕಿದರೆ ಎರಡು ಮೂರು ಸಾಲು ಸಿಗುತ್ತವೆ. ಬೆನ್ನಿನ ಮೇಲೆ ಬಣ್ಣ ಬಿಟ್ಟ ಸಣ್ಣ ಗೆರೆಗಳು. ಹಿಂದಿನ ಕವರಿನ ಎಡ ಮೂಲೆ ಸವೆದಿದೆ. ಮೇಲಿನ ಪಿನ್ನಿನ ಹತ್ತಿರ ಚಿಕ್ಕ ಕಲೆ. ಇಷ್ಟೇ. ಆರು ವರ್ಷದಿಂದ ಈ ಸೇವೆಗೆ ದುಡ್ಡು ಕೊಡುತ್ತಾ ಬಂದಿರುವುದು ಮುಖ್ಯವಾಗಿ ಈ ಸಾಲುಗಳಿಗೋಸ್ಕರ. ಬೇಸರವಾಗಿರುವುದು ಇನ್ನೊಂದು ವಿಷಯಕ್ಕೆ. ಅದನ್ನೂ ಬರೆಯುತ್ತೇನೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. 2019ರಿಂದ ಈವರೆಗೆ 43 ಕಾಮಿಕ್ಸ್ ಕಳಿಸಿದ್ದೇನೆ. ಅಮೆರಿಕದಲ್ಲಿ ಈ ಪದ್ಧತಿ ಬೇರೂರಿದ್ದು 2000ದಲ್ಲಿ ಸಿಜಿಸಿ ಎಂಬ ಗ್ರೇಡಿಂಗ್ ಕಂಪನಿ ಶುರುವಾದ ಮೇಲೆ. ಈಗ ಬೇರೆ ಕಂಪನಿಗಳೂ ಇವೆ. ನಾನು ಬಳಸುವುದು ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಈ ಹವ್ಯಾಸಕ್ಕೆ ತಿಂಗಳಿಗೆ ನೂರು ಡಾಲರ್ ಅಂತ ಮನೆಯಲ್ಲಿ ಮಾತಾಗಿದೆ. ಕೊಳ್ಳುವುದು, ಗ್ರೇಡಿಂಗ್, ಪೋಸ್ಟ್ ಎಲ್ಲ ಅದರೊಳಗೇ ಆಗಬೇಕು. ಮುಂದೆ ನಾನು ಹೇಳುವುದನ್ನೆಲ್ಲ ಈ ಲೆಕ್ಕ ಇಟ್ಟುಕೊಂಡೇ ಓದಿ.

ಮೊದಲು ಕಳಿಸಿದ್ದು ಇನ್‌ಕ್ರೆಡಿಬಲ್ ಹಲ್ಕ್ 181. 1974ರ ಸಂಚಿಕೆ, ವುಲ್ವರಿನ್ ಎಂಬ ಹೀರೊ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಕಥೆ. ತಿಂಗಳ ಲೆಕ್ಕ ಮೀರಿ, ಆ ವರ್ಷದ ಬೋನಸ್ಸಿನ ಬಹುಪಾಲು ಅದಕ್ಕೇ ಹೋಯಿತು. ಒಂದು ಸಣ್ಣ ಕನ್ವೆನ್ಶನ್ನಿನಲ್ಲಿ ಕೊಂಡಿದ್ದೆ. ಮಾರಿದವರು ‘ಕಂಪ್ಲೀಟ್’ ಅಂದಿದ್ದರು. ಕವರು ಚೆನ್ನಾಗಿತ್ತು, ಬೆನ್ನು ನೆಟ್ಟಗಿತ್ತು. ಅಷ್ಟು ನೋಡಿ ಕೊಟ್ಟುಬಿಟ್ಟೆ.

ಎರಡು ತಿಂಗಳ ಮೇಲೆ ಅದು ಬೇರೆ ಬಣ್ಣದ ಲೇಬಲ್ ಹೊತ್ತು ಬಂತು. ಕೊರತೆ ಇರುವ ಪ್ರತಿಗಳಿಗೆ ಹಾಕುವ ಲೇಬಲ್ ಅದು. ನೋಟ್ಸ್‌ನಲ್ಲಿ ಒಂದೇ ಸಾಲು: ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್ ಕತ್ತರಿಸಲಾಗಿದೆ. 1974ರಲ್ಲಿ ಮಾರ್ವೆಲ್‌ನವರು ಓದುಗರ ಪತ್ರಗಳ ಪುಟದಲ್ಲಿ ಒಂದು ಚೌಕದ ಚಿತ್ರ ಹಾಕುತ್ತಿದ್ದರು. ಮಕ್ಕಳು ಅದನ್ನು ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಕೊಳ್ಳಬೇಕಿತ್ತು. 181ರಲ್ಲಿ ಬಂದದ್ದು ಶಾನಾ ಎಂಬ ಪಾತ್ರದ ಸ್ಟ್ಯಾಂಪು. ಐವತ್ತು ವರ್ಷದ ಹಿಂದೆ ಯಾವುದೋ ಮಗು ಕತ್ತರಿ ಹಿಡಿದು ನೀಟಾಗಿ ಕತ್ತರಿಸಿಕೊಂಡಿತ್ತು. ನಾನು ಕೊಟ್ಟ ದುಡ್ಡಿನಲ್ಲಿ ಅರ್ಧದಷ್ಟು ಆ ಚೌಕದ ಜೊತೆಗೇ ಹೋಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಸಿಟ್ಟು ಬಂದದ್ದು ಗ್ರೇಡಿಂಗ್ ಕಂಪನಿಯ ಮೇಲಲ್ಲ. ಒಬ್ಬರು ಕೂತು ಒಂದೊಂದೇ ಪುಟ ತಿರುವಿದ್ದಾರೆ, ಎಣಿಸಿದ್ದಾರೆ, ನಾನು ನೋಡದ್ದನ್ನು ನೋಡಿದ್ದಾರೆ. ಮಾರಿದವರು ಹೇಳದ ಸತ್ಯವನ್ನು ಗುರುತೇ ಇಲ್ಲದವರು ಹೇಳಿದರು. ಅವತ್ತಿನಿಂದ ಅವರ ಕಣ್ಣಿಗೆ ನನ್ನ ಪೂರ್ತಿ ನಂಬಿಕೆ.

ಈಗ ಕಳಿಸುವ ಮುಂಚೆ ನಾನೇ ಎಣಿಸುತ್ತೇನೆ. ಭಾನುವಾರ ಬೆಳಿಗ್ಗೆ ಕಾಫಿ ಮುಗಿದು, ಲೋಟ ಸಿಂಕಿಗೆ ಹೋಗಿ, ಊಟದ ಮೇಜು ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಕೆಲಸ ಶುರು. ಮೇಜಿನ ಮೇಲೆ ಬಿಳಿ ಬೆಡ್‌ಶೀಟ್ ಹಾಸುತ್ತೇನೆ. ಕೈ ತೊಳೆದು ಪೂರ್ತಿ ಆರಲು ಬಿಡುತ್ತೇನೆ. ಕೈಗವಸು ಹಾಕುವುದಿಲ್ಲ, ಹಾಕಿದರೆ ಕಾಗದ ಬೆರಳಿಗೆ ಗೊತ್ತಾಗುವುದಿಲ್ಲ. ಪುಸ್ತಕವನ್ನು ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಕವರಿನಿಂದ ತೆಗೆಯುವಾಗ ಅಂಟಿನ ಪಟ್ಟಿ ತಾಗದ ಹಾಗೆ ಅದನ್ನು ಹಿಂದಕ್ಕೆ ಮಡಿಸಿಡಬೇಕು. ಎಷ್ಟೋ ಪುಸ್ತಕಗಳ ಕವರು ಹರಿಯುವುದು ಅಲ್ಲೇ.

ದೀಪ ಹಿಡಿಯುವುದು ಮಗಳ ಕೆಲಸ. ಅವಳಿಗೆ ಈಗ ಹನ್ನೊಂದು. ಮೇಲಿನ ಲೈಟ್ ಆರಿಸಿ, ಟೇಬಲ್ ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡುತ್ತಾಳೆ. ಎದುರಿನಿಂದ ನೋಡಿದಾಗ ಹೊಸದರಂತೆ ಹೊಳೆಯುವ ಕವರು ಆ ಅಡ್ಡ ಬೆಳಕಿನಲ್ಲಿ ಬೇರೆಯೇ ಆಗುತ್ತದೆ. ಹೆಬ್ಬೆರಳು ಒತ್ತಿದ ಕುಳಿ, ಯಾರೋ ಅದರ ಮೇಲೆ ಕಾಗದ ಇಟ್ಟು ಬರೆದಾಗ ಮೂಡಿದ ಅಕ್ಷರದ ಅಚ್ಚು, ಪಿನ್ನಿನ ಸುತ್ತ ಉಬ್ಬು, ಎಲ್ಲ ಕಾಣುತ್ತವೆ. ಬೆನ್ನಿನ ಗೆರೆಗಳನ್ನು ನಾನು ಎಣಿಸುತ್ತೇನೆ, ಅವಳು ಬರೆಯುತ್ತಾಳೆ. ಗೆರೆಯಲ್ಲಿ ಬಣ್ಣ ಒಡೆದಿದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಬಣ್ಣ ಒಡೆಯದ ಮಡಿಕೆಯಾದರೆ ಪ್ರೆಸ್ ಮಾಡಿಸಬಹುದು. ಹದವಾದ ತೇವ, ಬಿಸಿ, ಒತ್ತಡ ಕೊಟ್ಟರೆ ಕಾಗದ ನೆಟ್ಟಗಾಗುತ್ತದೆ. ಬಣ್ಣ ಒಡೆದು ಬಿಳಿ ಕಂಡರೆ ಮುಗಿಯಿತು, ಯಾವ ಪ್ರೆಸ್ಸೂ ಅದನ್ನು ತೆಗೆಯಲಾರದು.

ಕೊನೆಗೆ ನೋಟ್‌ಬುಕ್. ಅದರಲ್ಲಿ ಮೂರು ಕಾಲಂ: ಅಪ್ಪನ ಅಂದಾಜು, ನನ್ನ ಅಂದಾಜು, ಬಂದ ಗ್ರೇಡ್. ಶೀರ್ಷಿಕೆ ಬರೆದವಳು ಅವಳೇ. ಮೊದಲು ಒಬ್ಬರದ್ದು ಇನ್ನೊಬ್ಬರು ನೋಡದ ಹಾಗೆ ಚೀಟಿಯಲ್ಲಿ ಬರೆದು ಮಡಿಸಿಡುತ್ತೇವೆ. ಪೆಟ್ಟಿಗೆ ವಾಪಸ್ ಬಂದ ದಿನ ಅವಳು ಸ್ಕೂಲಿನಿಂದ ಬರುವವರೆಗೆ ನಾನು ತೆರೆಯುವ ಹಾಗಿಲ್ಲ. ಇದುವರೆಗೆ ಅವಳೇ ಮುಂದಿದ್ದಾಳೆ. ಇಷ್ಟವಾದ ಪುಸ್ತಕಕ್ಕೆ ನಾನು ಅರ್ಧ ಪಾಯಿಂಟ್ ಜಾಸ್ತಿ ಹಾಕುತ್ತೇನೆ. ಅವಳಿಗೆ ಆ ಕಥೆಗಳ ಮೇಲೆ ಮೋಹವಿಲ್ಲ, ಕಾಗದ ಕಂಡ ಹಾಗೆ ಬರೆಯುತ್ತಾಳೆ. ದುಡ್ಡು ಕೊಟ್ಟಾಗ ಈ ಸಂತೋಷ ಸಿಗುತ್ತದೆ ಅಂತ ಅಂದುಕೊಂಡೇ ಇರಲಿಲ್ಲ.

ಒಂದು ಸಲ ‘ಟ್ರಿಮ್ಡ್’ ಅಂದರೇನು ಅಂತ ಕೇಳಿದಳು. ಅಂಚು ಚೂಪಾಗಿ ಕಾಣಲಿ ಅಂತ ಕೆಲವರು ಕೂದಲೆಳೆಯಷ್ಟು ಕತ್ತರಿಸುತ್ತಾರೆ, ಗ್ರೇಡರ್‌ಗಳು ಹಿಡಿಯುತ್ತಾರೆ, ಹಿಡಿದರೆ ಬೆಲೆ ಬಿತ್ತು ಅಂದೆ. ಆಗ ನನಗೆ ಶಿವಮೊಗ್ಗದ ಬೈಂಡರ್ ನೆನಪಾದರು. ಬೇಸಿಗೆ ರಜೆ ಬಂತೆಂದರೆ ನಮ್ಮಪ್ಪ ವರ್ಷದ ಇಂದ್ರಜಾಲ, ಅಮರ ಚಿತ್ರ ಕಥೆಗಳನ್ನೆಲ್ಲ ಕಟ್ಟಿ ಅವರಲ್ಲಿಗೆ ಒಯ್ಯುತ್ತಿದ್ದರು. ಅವರು ಹತ್ತು ಹತ್ತು ಸೇರಿಸಿ, ತೂತು ಕೊರೆದು, ದಾರದಲ್ಲಿ ಹೊಲಿದು, ಮೂರೂ ಕಡೆ ಒಂದೇ ಸಮ ಕತ್ತರಿಸಿ, ರಟ್ಟು ಹಾಕಿ ಕೊಡುತ್ತಿದ್ದರು. ಆ ಕತ್ತರಿಸಿದ ಅಂಚಿನ ಮೇಲೆ ಕೈಯಾಡಿಸುವುದೇ ಒಂದು ಖುಷಿ. ಇಲ್ಲಿನ ಲೆಕ್ಕದಲ್ಲಿ ಅವೆಲ್ಲ ಹಾಳಾದ ಪ್ರತಿಗಳು. ಆದರೆ ಆ ಪುಸ್ತಕಗಳು ಇನ್ನೂ ಇರುವುದು ಆ ಬೈಂಡಿಂಗ್‌ನಿಂದಲೇ. ಅವನ್ನು ನಾನು ಎಲ್ಲಿಗೂ ಕಳಿಸುವುದಿಲ್ಲ. (ಊರಿನ ಅಟ್ಟದಲ್ಲಿ ಹಳೇ ಕಾಮಿಕ್ಸ್ ಇರುವವರು ದಯವಿಟ್ಟು ಒಮ್ಮೆ ನೋಡಿ. ಅಮರ ಚಿತ್ರ ಕಥೆಯಲ್ಲಿ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆ. ಅದಕ್ಕೂ ಮುಂಚಿನ ಹತ್ತು 1960ರ ದಶಕದಲ್ಲಿ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಮಕ್ಕಳ ಕಥೆಗಳು. ರದ್ದಿಗೆ ಹಾಕಬೇಡಿ.)

ಹೂಡಿಕೆಯ ವಿಷಯ. 2025ರ ನವೆಂಬರ್‌ನಲ್ಲಿ 1939ರ ಸೂಪರ್‌ಮ್ಯಾನ್ 1ರ ಒಂದು ಪ್ರತಿ, ಗ್ರೇಡ್ 9.0, ಹರಾಜಿನಲ್ಲಿ 91.2 ಲಕ್ಷ ಡಾಲರಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ಆ ಸುದ್ದಿ ಬಂದ ವಾರ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಾಲ್ಕು ಜನ ನನ್ನನ್ನು ಹಿಡಿದುಕೊಂಡು, ‘ನಾವೂ ಶುರು ಮಾಡೋಣವಾ?’ ಅಂತ ಕೇಳಿದರು. ಎಲ್ಲರಿಗೂ 1991ರ ಎಕ್ಸ್‌ಮೆನ್ 1ರ ಕಥೆ ಹೇಳಿದೆ. ಆಗ ಎಲ್ಲರೂ ಮುಂದೆ ಬೆಲೆ ಬರುತ್ತದೆ ಅಂತ ಐದೈದು ಕೊಂಡು ಎತ್ತಿಟ್ಟರು. ಎಂಬತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋದವು, ಗಿನ್ನೆಸ್ ದಾಖಲೆಯಾಯಿತು. ಎಲ್ಲರೂ ಎತ್ತಿಟ್ಟರೆ ಎಲ್ಲರ ಹತ್ತಿರವೂ ಇರುತ್ತದೆ, ಅಲ್ವಾ? 1939ರಲ್ಲಿ ಯಾರೂ ಎತ್ತಿಡಲಿಲ್ಲ, ಓದಿ ಎಸೆದರು. ಅದಕ್ಕೇ ಆ ಬೆಲೆ.

ನನ್ನ ಲೆಕ್ಕ ಹೀಗಿದೆ. ಒಂದು ಪುಸ್ತಕಕ್ಕೆ ಗ್ರೇಡಿಂಗ್, ಪ್ರೆಸ್, ಎರಡು ಕಡೆಯ ಪೋಸ್ಟ್, ಇನ್ಶೂರೆನ್ಸ್ ಎಲ್ಲ ಸೇರಿ ಅರವತ್ತು ಡಾಲರ್ ಆಗುತ್ತದೆ. ಮಾರುವಾಗ ವೆಬ್‌ಸೈಟಿನವರು ತಮ್ಮ ಪಾಲು ಹಿಡಿಯುತ್ತಾರೆ. ಲಾಭ ಬಂದರೆ ಅದಕ್ಕೆ ಸಂಗ್ರಹದ ವಸ್ತುಗಳ ತೆರಿಗೆ, ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡರೂ ಶೇಕಡಾ 28ರವರೆಗೆ ಹೋಗಬಹುದು. ಈವರೆಗೆ ಒಂಬತ್ತು ಮಾರಿದ್ದೇನೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಬೆಲೆ ಹುಚ್ಚಾಪಟ್ಟೆ ಏರಿತ್ತು. ಆಗ ಮಾರಿದ ಒಂದು ಪುಸ್ತಕವನ್ನು ಅದೇ ಗ್ರೇಡಿನಲ್ಲಿ 2023ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೆಲೆಗೆ ವಾಪಸ್ ಕೊಂಡೆ. ಆ ಲಾಭ ಹಲ್ಕ್‌ನ ನಷ್ಟಕ್ಕೆ ಸರಿಹೋಯಿತು. ಆರು ವರ್ಷದಲ್ಲಿ ಕೈಗೆ ಬಂದದ್ದೂ ಹೋದದ್ದೂ ಹೆಚ್ಚುಕಡಿಮೆ ಸಮ. ಮಕ್ಕಳ ಓದಿಗೆ ಅಂತ ಇಟ್ಟ ದುಡ್ಡನ್ನು ಇದಕ್ಕೆ ಹಾಕಬೇಡಿ.

ಇನ್ನು ಆ ಮೂಲೆಯ ವಿಷಯ.

ಅಮೇಜಿಂಗ್ ಸ್ಪೈಡರ್‌ಮ್ಯಾನ್ 300, 1988ರದ್ದು. ಸ್ಪೈಡರ್‌ಮ್ಯಾನ್ ಬಂದು 25 ವರ್ಷವಾದ ವಿಶೇಷ ಸಂಚಿಕೆ, ಆದ್ದರಿಂದ ಮಾಮೂಲಿಗಿಂತ ದಪ್ಪ. ಅಂಗಡಿಯಲ್ಲಿ ಒಂದೂವರೆ ಡಾಲರಿಗೆ ಕೊಂಡು, ಒಮ್ಮೆ ಓದಿ, ಎತ್ತಿಟ್ಟಿದ್ದವರ ಕೈಯಿಂದಲೇ ನನಗೆ ಬಂತು. ನನ್ನ ಸಂಗ್ರಹದಲ್ಲಿ ಅಷ್ಟು ಚೊಕ್ಕವಾದ ಪ್ರತಿ ಇನ್ನೊಂದಿಲ್ಲ. ಕಳಿಸುವ ಮುಂಚೆ ಅಡ್ಡ ಬೆಳಕಿನಲ್ಲಿ ಹದಿನಾರು ಫೋಟೋ ತೆಗೆದೆವು. ಗ್ರೇಡ್ 9.6 ಬಂತು. ನೋಟ್‌ಬುಕ್ಕಿನಲ್ಲಿ ಇಬ್ಬರೂ 9.6 ಬರೆದಿದ್ದೆವು. ಇಬ್ಬರೂ ಸರಿ ಬರೆದದ್ದು ಅದೇ ಮೊದಲು.

ಪೆಟ್ಟಿಗೆ ತೆರೆದು ಕುಣಿದಾಡಿದ್ದಾಯಿತು. ಆಮೇಲೆ ಅಭ್ಯಾಸಬಲದಿಂದ ಮಗಳು ದೀಪ ಹಿಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಅಂದಳು: ‘ಅಪ್ಪಾ, ಈ ಮೂಲೆ ಹೀಗಿರಲಿಲ್ಲ.’

ಮೇಲಿನ ಬಲ ಮೂಲೆ. ಅಕ್ಕಿಕಾಳಿನಷ್ಟು ಜಾಗ ಹಿಂದಕ್ಕೆ ಬಾಗಿತ್ತು. ಸ್ಲ್ಯಾಬನ್ನು, ಅಂದರೆ ಆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು, ಸ್ವಲ್ಪ ಓರೆ ಮಾಡಿದರೆ ಒಳಗೆ ಪುಸ್ತಕ ಜಾರುವುದು ಕಣ್ಣಿಗೇ ಕಾಣುತ್ತಿತ್ತು. ಒಳಗಿನ ತೆಳು ಪ್ಲಾಸ್ಟಿಕ್ ಚೀಲ ಪುಸ್ತಕವನ್ನು ಹಿಡಿದಿರಲಿಲ್ಲ. ಟ್ರಕ್ಕಿನಲ್ಲಿ ಕುಲುಕಿದಾಗಲೆಲ್ಲ ಪುಸ್ತಕದ ಭಾರ ಪೂರ್ತಿ ಆ ಒಂದು ಮೂಲೆಯ ಮೇಲೆ ಬಿದ್ದಿದೆ. ಸಂಗ್ರಾಹಕರು ಇದಕ್ಕೆ ‘ಶೇಕನ್ ಕಾಮಿಕ್ ಸಿಂಡ್ರೋಮ್’ ಅಂತ ಹೆಸರೇ ಇಟ್ಟಿದ್ದಾರೆ. ಪುಸ್ತಕ ದಪ್ಪವಿದ್ದಷ್ಟೂ ಭಯ ಜಾಸ್ತಿ. ಮೂವತ್ತೇಳು ವರ್ಷ ರಟ್ಟಿನ ಡಬ್ಬಿಯಲ್ಲಿ ಕ್ಷೇಮವಾಗಿದ್ದ ಪುಸ್ತಕ, ಕಾಪಾಡಲು ಅಂತಲೇ ಮಾಡಿದ ಪೆಟ್ಟಿಗೆಯೊಳಗೆ ಮೂರು ದಿನದಲ್ಲಿ ಪೆಟ್ಟು ತಿಂದಿತ್ತು.

ಫೋಟೋ ಕಳಿಸಿದೆ. ಸಾಗಣೆಯಲ್ಲಿ ಆಗಿರಬೇಕು ಅಂದರು. ಸಾಗಣೆಯಲ್ಲಿ ಆಗಬಾರದು ಅಂತಲೇ ಅಲ್ಲವೇ ಈ ಪ್ಲಾಸ್ಟಿಕ್, ಅಂತ ಬರೆದೆ. ಐದು ಇಮೇಲ್ ಆದ ಮೇಲೆ, ವಾಪಸ್ ಕಳಿಸಿ, ಹೊಸ ಸ್ಲ್ಯಾಬ್ ಹಾಕಿಕೊಡುತ್ತೇವೆ, ಆದರೆ ಗ್ರೇಡ್ ಮತ್ತೆ ನೋಡಬೇಕಾಗುತ್ತದೆ ಅಂದರು. ಒಪ್ಪಿದೆ. ಬೇರೆ ದಾರಿ ಇರಲಿಲ್ಲ. ಆ ದಿನ ನಾನು ಆಸೆಯಿಂದ 9.6 ಅಂತಲೇ ಬರೆದೆ. ಅವಳು 9.4 ಬರೆದಳು.

ನಾಲ್ಕು ತಿಂಗಳ ಮೇಲೆ 9.4 ಬಂತು. ನೋಟ್ಸ್‌ನಲ್ಲಿ ಮೊದಲಿನ ಎರಡು ಸಾಲು ಹಾಗೇ ಇದ್ದವು. ಕೆಳಗೆ ಹೊಸದೊಂದು: ಮುಂದಿನ ಕವರು, ಮೇಲಿನ ಬಲ ಮೂಲೆ, ಸಣ್ಣ ಬಾಗು. ಇಮೇಲ್ ಬರೆದವರು ಕೊನೆಯವರೆಗೂ ಒಪ್ಪಿಕೊಳ್ಳದ್ದನ್ನು ಗ್ರೇಡರ್ ಒಂದೇ ಸಾಲಿನಲ್ಲಿ ಬರೆದಿದ್ದರು. ಅದನ್ನು ಓದಿದಾಗ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ. 9.6ಕ್ಕೂ 9.4ಕ್ಕೂ ನಡುವಿನ ದುಡ್ಡು ನನಗೆ ಎರಡು ತಿಂಗಳ ಬಜೆಟ್ಟಿಗಿಂತ ಜಾಸ್ತಿ. ಅದಕ್ಕೆ ಯಾರೂ ಏನೂ ಕೊಡಲಿಲ್ಲ.

ಹಾಗಾಗಿ ಗ್ರೇಡರ್‌ಗಳ ಕಣ್ಣಿಗೆ ನನ್ನಿಂದ ಐದಕ್ಕೆ ಐದು, ಆ ಪ್ಲಾಸ್ಟಿಕ್ ಸ್ಲ್ಯಾಬಿಗೆ ಎರಡು. ಬೆಲೆಬಾಳುವ ಹಳೇ ಪುಸ್ತಕ ಕೊಳ್ಳುವವರು ಗ್ರೇಡ್ ಆದದ್ದನ್ನೇ ಕೊಳ್ಳಿ, ಕತ್ತರಿಸಿದ ಸ್ಟ್ಯಾಂಪು, ಬಣ್ಣ ಹಚ್ಚಿದ ಕವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನೂರು ಡಾಲರಿಗಿಂತ ಕಡಿಮೆಯದನ್ನು ನಾನು ಕಳಿಸುವುದು ಬಿಟ್ಟಿದ್ದೇನೆ. ಅವಕ್ಕೆ ಮೈಲಾರ್, ಆಮ್ಲವಿಲ್ಲದ ರಟ್ಟು, ಮಲಗುವ ಕೋಣೆಯ ಕತ್ತಲೆ ಕಪಾಟು ಸಾಕು. ಬೇಸ್‌ಮೆಂಟ್ ಮಾತ್ರ ಬೇಡ, ಇಲ್ಲಿನ ಬೇಸಿಗೆಯ ತೇವಕ್ಕೆ ಪಿನ್ನು ತುಕ್ಕು ಹಿಡಿಯುತ್ತದೆ. ದಪ್ಪ ಸಂಚಿಕೆಗಳನ್ನಂತೂ ಇನ್ನು ಕಳಿಸುವುದೇ ಇಲ್ಲ. ವಾಪಸ್ ಬಂದ ಸ್ಲ್ಯಾಬನ್ನು ಕೈಗೆತ್ತಿಕೊಳ್ಳುವ ಮುಂಚೆಯೇ, ಪೆಟ್ಟಿಗೆಯಲ್ಲಿರುವಾಗಲೇ ಅಡ್ಡ ಬೆಳಕಿನಲ್ಲಿ ನಾಲ್ಕೂ ಮೂಲೆಯ ಫೋಟೋ ತೆಗೆಯಿರಿ.

300 ಈಗ ಕಪಾಟಿನ ಮೇಲಿನ ಹಲಗೆಯಲ್ಲಿ ಮಲಗಿದೆ. ನಿಲ್ಲಿಸಿಟ್ಟರೆ ಜಾರುತ್ತದೆ ಅಂತ ಮಗಳೇ ಮಲಗಿಸಿದಳು. ಮುಂದಿನ ಪೆಟ್ಟಿಗೆಗೆ ಎರಡೇ ಪುಸ್ತಕ, ಎರಡೂ 1970ರ ದಶಕದ ತೆಳು ಸಂಚಿಕೆಗಳು. ಈ ಭಾನುವಾರ ಸ್ಟ್ಯಾಂಪು ನೋಡಿಯಾಯಿತು, ಪುಟ ಎಣಿಸಿಯಾಯಿತು, ಚೀಟಿ ಮಡಿಸಿಟ್ಟಾಯಿತು. ನಾನು ಒಂದಕ್ಕೆ 8.0, ಇನ್ನೊಂದಕ್ಕೆ 7.5 ಬರೆದಿದ್ದೇನೆ. ಅವಳು ಏನು ಬರೆದಿದ್ದಾಳೋ ಎರಡು ತಿಂಗಳ ಮೇಲೆ ಗೊತ್ತಾಗುತ್ತದೆ.