ಹಳೇ ಟೊಯೋಟಾ ಮೋಟರ್ ಹೋಮ್: ಎಂಜಿನ್‌ಗೆ ಹತ್ತಕ್ಕೆ ಒಂಬತ್ತು, ಮನೆಗೆ ಹತ್ತಕ್ಕೆ ಮೂರು

ಬಾನೆಟ್ ಎತ್ತಿ ನೋಡಿ ಗಾಡಿ ತಗೊಂಡವನ ಅನುಭವ ಇದು. ನೋಡಬೇಕಾಗಿದ್ದು ಬಾನೆಟ್ ಒಳಗೆ ಅಲ್ಲ. ಡ್ರೈವರ್ ತಲೆ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತಲ್ಲ, ಮಲಗುವ ಜಾಗ, ಅದರ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಬೇಕಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಅಟ್ಟ ಅಂತಲೇ ಹೆಸರು.

ಗಾಡಿ 1986ರದ್ದು. ಗೊತ್ತಿಲ್ಲದವರಿಗೆ ಒಂದು ಮಾತು: ಅಮೆರಿಕದಲ್ಲಿ 1970ರ ದಶಕದಿಂದ 1990ರ ದಶಕದ ಶುರುವಿನ ತನಕ, ಟೊಯೋಟಾ ಪಿಕಪ್ಪಿನ ಮುಂಭಾಗ ಮತ್ತು ಚಾಸಿ (ಕೆಳಗಿನ ಚೌಕಟ್ಟು) ತಗೊಂಡು, ಹಿಂದೆ ಪುಟ್ಟ ಮನೆ ಕಟ್ಟಿ ಮಾರುವ ಕಂಪನಿಗಳು ಸುಮಾರಿದ್ದವು. ಚಿನೂಕ್, ಡಾಲ್ಫಿನ್, ಸನ್‌ರೇಡರ್ ಎಲ್ಲ ಈ ಜಾತಿಯವೇ. ಅಂದರೆ ಎಂಜಿನ್, ಗೇರು, ಸ್ಟಿಯರಿಂಗ್ ಒಬ್ಬರದು. ಗೋಡೆ, ಚಾವಣಿ, ಒಲೆ, ಕಕ್ಕಸು ಇನ್ನೊಬ್ಬರದು. ಜನ ಹೆಸರು ಕೇಳಿ ಕೊಳ್ಳೋದು ಮೊದಲನೆಯವರದ್ದು, ಆಮೇಲೆ ರಿಪೇರಿ ಮಾಡ್ತಾ ಕೂರೋದು ಎರಡನೆಯವರದ್ದು. ನನ್ನ ಗಾಡಿಯ ಮನೆ ಕಟ್ಟಿದ ಕಂಪನಿಯ ಹೆಸರು ಇಲ್ಲಿ ಬೇಡ. ಸುಮಾರು ನಲವತ್ತು ವರ್ಷದ ಹಿಂದಿನ ಕೆಲಸಕ್ಕೆ ಈಗ ಯಾರನ್ನು ಬೈಯೋದು?

ಉದ್ದ ಹತ್ತಿರ ಹತ್ತಿರ 20 ಅಡಿ. ಕಾರು ನಿಲ್ಲಿಸುವ ಜಾಗದಲ್ಲಿ ಸ್ವಲ್ಪ ಬಾಲ ಹೊರಗೆ ಬಿಟ್ಟುಕೊಂಡು ನಿಂತುಬಿಡುತ್ತದೆ. ಇಷ್ಟರಲ್ಲೇ ಒಲೆ, ಸಿಂಕು, ಫ್ರಿಜ್ಜು, ಬಚ್ಚಲು, ಎರಡು ಹಾಸಿಗೆ. ದೊಡ್ಡ ಮೋಟರ್ ಹೋಮ್ ಓಡಿಸಿದವರಿಗೆ ಇದು ಆಟದ ಸಾಮಾನಿನ ಹಾಗೆ ಕಾಣಬಹುದು, ನನಗೆ ಮಾತ್ರ ಇದರ ಸೈಜೇ ಇಷ್ಟವಾಗಿದ್ದು. ನನ್ನ ಹತ್ತಿರ ಬಂದು ಮೂರು ವರ್ಷ ಆಯಿತು. ಅದರಲ್ಲಿ ಹನ್ನೊಂದು ತಿಂಗಳು ಅಂಗಳದಲ್ಲಿ ಟಾರ್ಪಾಲು ಹೊದ್ದುಕೊಂಡೇ ಇತ್ತು.

ಎಂಜಿನ್ ಬಗ್ಗೆ ಮೊದಲು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಹೇಳೋದು ಕಮ್ಮಿ. 22 ಆರ್‌ಇ ಅಂತ ಹೆಸರು. 2.4 ಲೀಟರ್, ನಾಲ್ಕು ಸಿಲಿಂಡರ್, ಫ್ಯೂಯೆಲ್ ಇಂಜೆಕ್ಷನ್. ಗಟ್ಟಿ ಪಿಂಡ. ಬೆಳಗ್ಗೆ ಎಷ್ಟೇ ಚಳಿ ಇರಲಿ, ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಎದ್ದು ಕೂರುತ್ತದೆ. ಆದರೆ ವೇಗ ಕೇಳಬೇಡಿ. 115ರ ಆಸುಪಾಸು ಕುದುರೆ ಶಕ್ತಿ, ಎಳೆಯಬೇಕಾದ್ದು ಇಡೀ ಮನೆ. ದೊಡ್ಡ ಏರು ಬಂದರೆ ಬಲಗಡೆಯ ನಿಧಾನದ ಸಾಲಿಗೆ ಸರಿದು, ಗೇರು ಇಳಿಸಿ, ಹಿಂದಿನವರ ಹಾರ್ನು ಕೇಳಿಸಿಕೊಳ್ಳುತ್ತಾ ಹೋಗುವುದೊಂದೇ ದಾರಿ. ಆತುರದವರು ಇದನ್ನು ತಗೋಬೇಡಿ ಅಷ್ಟೇ.

ಈ ಎಂಜಿನ್ನಿನ ಬಗ್ಗೆ ಮೆಕ್ಯಾನಿಕ್‌ಗಳೆಲ್ಲ ಹೇಳೋದು ಒಂದೇ ವಿಷಯ: ಟೈಮಿಂಗ್ ಚೈನು, ಅಂದರೆ ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಸರಪಳಿ. 1983ರ ನಂತರದ ಎಂಜಿನ್‌ಗಳಲ್ಲಿ ಒಂಟಿ ಸಾಲಿನ ಚೈನು, ಅದು ಅಲುಗಾಡದ ಹಾಗೆ ಪಕ್ಕದಲ್ಲಿ ಪ್ಲಾಸ್ಟಿಕ್ ಗೈಡು. ವಯಸ್ಸಾದ ಮೇಲೆ ಗೈಡು ಮುರಿಯುತ್ತದೆ. ಆಮೇಲೆ ಚೈನು ಸಡಿಲವಾಗಿ ಮುಂದಿನ ಕವರನ್ನೇ ಉಜ್ಜುತ್ತಾ ಹೋಗುತ್ತದೆ, ಕೊನೆಗೆ ಕವರು ತೂತಾಗಿ ಎಂಜಿನ್ ತಂಪು ಮಾಡುವ ಕೂಲೆಂಟ್ ಬಂದು ಆಯಿಲ್ ಜತೆ ಬೆರೆಯುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಮುಂದುಗಡೆಯಿಂದ ತಗಡಿನ ಮೇಲೆ ಸರಪಳಿ ಎಳೆದ ಹಾಗೆ ಕೆಲವು ಸೆಕೆಂಡು ಸದ್ದು ಬಂದರೆ, ಮಾಲೀಕ "ಹಳೇ ಗಾಡಿ ಅಲ್ವಾ, ಅಷ್ಟಿರುತ್ತೆ" ಅಂದರೂ ನಂಬಬೇಡಿ. ನಾನು ಸದ್ದು ಬರುವವರೆಗೆ ಕಾಯಲಿಲ್ಲ, ಲೋಹದ ಬೆನ್ನಿರುವ ಗೈಡು ಹಾಕಿಸಿಬಿಟ್ಟೆ. ವಾಲ್ವ್ ಗ್ಯಾಪ್ ಮಾತ್ರ ನಾನೇ ನೋಡಿಕೊಳ್ಳುತ್ತೇನೆ. ಎಂಜಿನ್ ಬಿಸಿ ಇದ್ದಾಗ ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವಿಗೆ 0.20 ಮಿಲಿಮೀಟರ್, ಹೊಗೆ ಹೊರಗೆ ಬಿಡುವ ಎಗ್ಜಾಸ್ಟ್ ವಾಲ್ವಿಗೆ 0.30. ಸಂದಿ ಅಳೆಯುವ ಒಂದು ಫೀಲರ್ ಗೇಜು, ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಸ್ವಲ್ಪ ತಾಳ್ಮೆ. ಕೈ ಸುಟ್ಟುಕೊಳ್ಳುವುದು ಫ್ರೀ.

ತಗೊಳ್ಳುವ ಮುಂಚೆ ಇನ್ನೊಂದು ನೋಡಲೇಬೇಕು. ಹಿಂದಿನ ಚಕ್ರದ ನಟ್ಟು ಎಣಿಸಿ. ಐದಿದ್ದರೆ ಅದು ಮಾಮೂಲಿ ಪಿಕಪ್ಪಿನ ಆಕ್ಸಲ್. ಹೊರಗಿನಿಂದ ಜೋಡಿ ಚಕ್ರ ಕಂಡರೂ ಮೋಸ ಹೋಗಬೇಡಿ, ಒಳಗಿರುವುದು ಮನೆಯ ಭಾರ ಹೊರುವ ಆಕ್ಸಲ್ ಅಲ್ಲ. ಆ ಬಗೆಯಲ್ಲಿ ಗಾಡಿಯ ತೂಕವೆಲ್ಲ ಆಕ್ಸಲ್ ಶಾಫ್ಟಿನ ಮೇಲೇ ಕೂತಿರುತ್ತದೆ. ಅದು ಮುರಿದರೆ ಚಕ್ರ ಸಮೇತ ಆಚೆ ಬರಬಹುದು. ಹಾಗಾಗಿಯೇ ಅಮೆರಿಕದಲ್ಲಿ ಇದಕ್ಕೆ ರೀಕಾಲ್ ಆಗಿ, ಅಂದರೆ ಮಾರಿದ ಗಾಡಿಗಳನ್ನು ದೋಷ ಸರಿಪಡಿಸಲು ವಾಪಸ್ ಕರೆಸಿ, ಒಂದು ಟನ್ನಿನ ಫುಲ್ ಫ್ಲೋಟಿಂಗ್ ಆಕ್ಸಲ್ ಹಾಕಿಕೊಟ್ಟರು. ಅದಕ್ಕೆ ಆರು ನಟ್ಟು, ತೂಕ ಹೊರುವುದು ಚಕ್ರದ ನಡುವಿನ ಹಬ್ (hub), ಶಾಫ್ಟಿಗೆ ಚಕ್ರ ತಿರುಗಿಸುವ ಕೆಲಸ ಮಾತ್ರ. ರೀಕಾಲಿಗೆ ಹೋಗದೆ ಹಾಗೇ ಉಳಿದ ಗಾಡಿಗಳೂ ಉಂಟು. ನಮ್ಮದು ಆರು ನಟ್ಟಿನದ್ದು, ಬಚಾವ್. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ಓದಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಟಯರುಗಳ ಹಲ್ಲು ಹೊಸದರ ಹಾಗೇ ಇತ್ತು, ವಯಸ್ಸು ಮಾತ್ರ ಹದಿಮೂರು. ಓಡದೆ ನಿಂತ ಗಾಡಿಯಲ್ಲಿ ರಬ್ಬರು ಸವೆಯುವುದಿಲ್ಲ, ಒಳಗೊಳಗೇ ಒಣಗಿ ಬಿರಿಯುತ್ತದೆ.

ಸರಿ, ಈಗ ಮನೆ.

ತಗೊಂಡ ಎರಡನೇ ವಾರ ಒಂದು ಜೋರು ಮಳೆ. ಬೆಳಗ್ಗೆ ಅಟ್ಟದ ಹಾಸಿಗೆ ಎತ್ತಿದರೆ ಕೆಳಗೆ ಒದ್ದೆ ನಾಯಿಯ ವಾಸನೆ. ಮೂಲೆಯಲ್ಲಿ ಗೋಡೆಯ ಕಾಗದ ಗುಳ್ಳೆ ಎದ್ದಿತ್ತು. ಭಾವನಿಗೆ ಫೋನ್ ಮಾಡಿದೆ, ಮರದ ಕೆಲಸದಲ್ಲಿ ಅವರ ಕೈ ಚೆನ್ನಾಗಿದೆ. ಬಂದವರು ಏನೂ ಮಾತಾಡದೆ ಸ್ಕ್ರೂಡ್ರೈವರ್ ತಗೊಂಡು ಗುಳ್ಳೆಯ ಮೇಲೆ ಮೆಲ್ಲಗೆ ಒತ್ತಿದರು. ಹಿಡಿಯ ತನಕ ಒಳಗೆ ಹೋಯಿತು.

"ಏನಪ್ಪಾ, ಇದು ಮರವೋ ಟೀಯಲ್ಲಿ ಅದ್ದಿದ ಬಿಸ್ಕತ್ತೋ?"

"ಭಾವ, ಎಂಜಿನ್ ಮಾತ್ರ ತುಂಬಾ ಚೆನ್ನಾಗಿದೆ."

"ಹಂಗಾದ್ರೆ ಎಂಜಿನ್ ಮೇಲೆ ಮಲಗು."

ಹೊರಗೆ ಥಳಕು ಒಳಗೆ ಹುಳುಕು ಅನ್ನುವ ಗಾದೆ ಈ ಗಾಡಿಗಳಿಗೆ ಹೇಳಿ ಮಾಡಿಸಿದ್ದು. ಇವುಗಳಲ್ಲಿ ಬಹಳಷ್ಟರ ಗೋಡೆ ಹೀಗಿರುತ್ತದೆ: ತೆಳು ಮರದ ಪಟ್ಟಿಗಳ ಚೌಕಟ್ಟು, ಅದರ ನಡುವೆ ಫೋಮು, ಒಳಗಡೆ ತೆಳು ಪ್ಲೈವುಡ್, ಹೊರಗಡೆ ಅಲ್ಯೂಮಿನಿಯಂ ಅಥವಾ ಫೈಬರ್ ಗ್ಲಾಸ್ ಹಾಳೆ. ಹೊರಗಿನ ಹಾಳೆಗೆ ಏನೂ ಆಗುವುದಿಲ್ಲ. ನೀರು ಕಿಟಕಿಯ ಸಂದಿಯಿಂದಲೋ, ಚಾವಣಿ ಮತ್ತು ಗೋಡೆ ಸೇರುವ ಅಂಚಿನಿಂದಲೋ ಒಳಗೆ ಇಳಿಯುತ್ತದೆ. ಇಳಿದ ನೀರು ಆಚೆ ಹೋಗಲು ದಾರಿಯಿಲ್ಲ. ಹತ್ತು ವರ್ಷ ಮರ ನೆನೆದು ಲಡ್ಡು ಹಿಡಿದರೂ ಹೊರಗೆ ಬಣ್ಣ ಫಳಫಳ. ಇಡೀ ಗೂಡನ್ನೇ ಫೈಬರ್ ಗ್ಲಾಸಿನಲ್ಲಿ ಅಚ್ಚು ಹಾಕಿದ ಸನ್‌ರೇಡರ್ ಥರದವುಗಳಿಗೆ ಜನ ಜಾಸ್ತಿ ಬೆಲೆ ಕೊಡೋದು ಯಾಕೆ ಅಂತ ನನಗೆ ಆವತ್ತು ಅರ್ಥವಾಯಿತು.

ಅಟ್ಟವನ್ನು ಪೂರ್ತಿ ಬಿಚ್ಚಿದೆವು. ಮುಂದಿನ ಕಿಟಕಿ ತೆಗೆದೆವು, ಒಳಗಿನ ಪ್ಲೈವುಡ್ ಕೈಯಲ್ಲೇ ಪುಡಿಪುಡಿಯಾಗಿ ಬಂತು, ಅದರ ಹಿಂದೆ ಕಪ್ಪು ಬೂಷ್ಟು. ಮಾಸ್ಕ್ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಚೌಕಟ್ಟಿನಲ್ಲಿ ಲಡ್ಡು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇನ್ನೂ ಅರ್ಧ ಅಡಿ ಗಟ್ಟಿ ಮರ ಸಿಗುವ ತನಕ ಕತ್ತರಿಸಬೇಕು ಅಂತ ಭಾವ ಹಟ ಹಿಡಿದರು. ನನಗೆ ಹೊಟ್ಟೆ ಉರಿಯಿತು, ಆದರೆ ಅವರು ಹೇಳಿದ್ದೇ ಸರಿ. ಆಮೇಲೆ ಒಣಗಿಸುವುದು. ಫ್ಯಾನು, ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಇಟ್ಟು ಐದು ವಾರ. ಈ ಐದು ವಾರ ತಡೆಯಲಾರದೆ ಒದ್ದೆ ಮರದ ಮೇಲೆ ಹೊಸ ಪ್ಲೈವುಡ್ ಬಡಿಯುವವರು, ಮೂರು ವರ್ಷಕ್ಕೆ ಅದೇ ಕೆಲಸವನ್ನು ಮತ್ತೆ ಮಾಡುತ್ತಾರೆ.

ಇಲ್ಲಿ ನಾನು ತಗೊಂಡ ಒಂದು ಸಾಮಾನನ್ನು ಹೊಗಳಲೇಬೇಕು: ತೇವ ಅಳೆಯುವ ಮೀಟರು. ಎರಡು ಸೂಜಿ ಇರುವ ಅಗ್ಗದ್ದು. ಮರಕ್ಕೆ ಚುಚ್ಚಿದರೆ ಶೇಕಡಾ ಎಷ್ಟು ತೇವ ಅಂತ ತೋರಿಸುತ್ತದೆ. ಹದಿನೈದರ ಒಳಗಿದ್ದರೆ ನಿಶ್ಚಿಂತೆ, ಇಪ್ಪತ್ತು ದಾಟಿದರೆ ಕೊಳೆಯುವ ಅಪಾಯ. ಇದನ್ನು ಗಾಡಿ ತಗೊಳ್ಳುವ ಮುಂಚೆ ತಗೊಂಡಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ, ಗಾಡಿಯನ್ನೂ ತಗೊಳ್ಳುತ್ತಿರಲಿಲ್ಲ.

ಇನ್ನು ಸಿಲಿಕಾನ್. ಹಿಂದಿನ ಮಾಲೀಕ ಪುಣ್ಯಾತ್ಮ ಎಲ್ಲಿ ಸೋರಿತೋ ಅಲ್ಲಿಗೆಲ್ಲ ಬಚ್ಚಲಿಗೆ ಹಾಕುವ ಸಿಲಿಕಾನ್ ಮೆತ್ತಿದ್ದ. ಒಂದರ ಮೇಲೆ ಒಂದು, ಕೇಕಿನ ಮೇಲೆ ಕ್ರೀಮು ಹಾಕಿದ ಹಾಗೆ. ಸಿಲಿಕಾನಿನ ತೊಂದರೆ ಏನೆಂದರೆ ಅದು ಒಮ್ಮೆ ಒಣಗಿದ ಮೇಲೆ ಅದರ ಮೇಲೆ ಬೇರೆ ಯಾವುದೂ ಸರಿಯಾಗಿ ಅಂಟುವುದಿಲ್ಲ, ಇನ್ನೊಂದು ಸುತ್ತು ಸಿಲಿಕಾನ್ ಕೂಡ. ಗಾಡಿ ಕುಲುಕುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಕೂದಲೆಳೆಯಷ್ಟು ಬಿಟ್ಟುಕೊಂಡರೆ ಸಾಕು, ನೀರು ಒಳಗೆ ಹೋಗುತ್ತದೆ. ಹೊರಗಿನಿಂದ ಮೆತ್ತಿದ್ದು ಆ ನೀರನ್ನು ಒಳಗೇ ಕೂಡಿಹಾಕುತ್ತದೆ ಬೇರೆ. ಅದನ್ನು ಪ್ಲಾಸ್ಟಿಕ್ ಬ್ಲೇಡಿನಲ್ಲಿ ಕೆರೆದು ತೆಗೆಯುವುದಕ್ಕೇ ನಾಲ್ಕು ಶನಿವಾರ ಹೋಯಿತು. ನಾಲ್ಕು!

ಅದರ ಬದಲು ಹಾಕಿದ್ದು ಬ್ಯೂಟೈಲ್ ಟೇಪು. ಟೇಪು ಅಂದರೆ ಟೇಪಲ್ಲ, ಚಪ್ಪಟೆ ಮಾಡಿದ ಚೂಯಿಂಗ್ ಗಮ್ಮಿನ ಹಾಗಿರುತ್ತದೆ. ಗಟ್ಟಿಯಾಗುವುದೇ ಇಲ್ಲ, ಅದೇ ಅದರ ಗುಣ. ಕಿಟಕಿ ಬಿಚ್ಚಿ, ಚೌಕಟ್ಟಿನ ಹಿಂದುಗಡೆ ಸುತ್ತಲೂ ಅಂಟಿಸಿ, ಮತ್ತೆ ಕೂರಿಸಿ ಸ್ಕ್ರೂ ಹಾಕಬೇಕು. ಸ್ಕ್ರೂ ಒಂದೇ ದಿನ ಪೂರ್ತಿ ಬಿಗಿ ಮಾಡಬೇಡಿ. ಇವತ್ತು ಸ್ವಲ್ಪ, ನಾಳೆ ಬಿಸಿಲು ಬಂದಾಗ ಇನ್ನೊಂಚೂರು, ನಾಡಿದ್ದು ಮತ್ತೆ. ಸುತ್ತಲೂ ಒಂದೇ ಸಮ ಉಕ್ಕಿ ಹೊರಗೆ ಬಂದರೆ ಕೆಲಸ ಆಯಿತು ಅಂತ, ಹೊರಗೆ ಬಂದದ್ದನ್ನು ಕತ್ತರಿಸಿ ಎಸೆಯಿರಿ. ಚಾವಣಿಯ ಮೇಲಿನ ಗಾಳಿ ಕಿಂಡಿ, ಪೈಪಿನ ಬುಡ ಇಂಥ ಕಡೆ ಟೇಪಿನ ಮೇಲೆ ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್ ಸುರಿಯಬೇಕು. ಗೋಡೆಗೆ ಅದನ್ನು ಹಾಕಿದರೆ ಜಾರಿ ಕೆಳಗೆ ಇಳಿಯುತ್ತದೆ, ಅದಕ್ಕೆ ಹರಿಯದ ಬಗೆಯದ್ದು ಬೇರೆ ಸಿಗುತ್ತದೆ. ನಾನು ಮೊದಲ ಸಲ ಅದಲು ಬದಲು ಮಾಡಿ, ಪಕ್ಕದ ಗೋಡೆಗೆ ಬಿಳಿ ಮೀಸೆ ಬರೆದಿದ್ದೇನೆ. ಇನ್ನೂ ಇದೆ.

ಬ್ಯೂಟೈಲಿಗೆ ಹತ್ತಕ್ಕೆ ಹತ್ತು. ಈ ಇಡೀ ರಿಪೇರಿಯಲ್ಲಿ ಮಾತು ಉಳಿಸಿಕೊಂಡ ಸಾಮಾನು ಅದೊಂದೇ.

ಉಳಿದದ್ದು ಬೇಗ ಹೇಳುತ್ತೇನೆ. ನೀರಿನ ಪೈಪು ಬೂದು ಬಣ್ಣದ ಪ್ಲಾಸ್ಟಿಕ್ಕಾಗಿದ್ದರೆ ಅದು ಪಾಲಿಬ್ಯುಟಿಲೀನ್ ಇರಬಹುದು, 1978ರಿಂದ 1995ರ ತನಕ ಅಮೆರಿಕದಲ್ಲಿ ಮನೆಗಳಿಗೂ ಹಾಕುತ್ತಿದ್ದರು. ವರ್ಷ ಕಳೆದ ಹಾಗೆ ಬಿರುಕು ಬಿಡುತ್ತದೆ. ತೇಪೆ ಹಾಕುತ್ತಾ ಕೂರಬೇಡಿ, ಪೂರ್ತಿ ಕಿತ್ತು ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು ಹಾಕಿ. ಚಳಿಗಾಲಕ್ಕೆ ಮುಂಚೆ ನೀರೆಲ್ಲ ಖಾಲಿ ಮಾಡಿ ಪೈಪುಗಳಿಗೆ ಹೆಪ್ಪುಗಟ್ಟದಂತೆ ತಡೆಯುವ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುವುದು ಮರೆಯಬೇಡಿ, ಕಾರಿನ ಹಸಿರು ಕೂಲೆಂಟ್ ಅಪ್ಪಿತಪ್ಪಿಯೂ ಬೇಡ, ಅದು ವಿಷ.

ಗ್ಯಾಸಿನ ವಿಷಯದಲ್ಲಿ ಜುಗ್ಗತನ ಬೇಡ. ರೆಗ್ಯುಲೇಟರು, ರಬ್ಬರ್ ಪೈಪು ಹೊಸದು ಹಾಕಿದೆ. ತಾಮ್ರದ ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಗುಳ್ಳೆ ಬರುತ್ತದಾ ನೋಡಿದೆ. ಒಲೆಯ ಹಿಂದೆ ಒಂದು ಕಡೆ ಬಂತು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ಸೇರಿಕೊಳ್ಳುತ್ತದೆ, ಹಾಗಾಗಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಕೆಳಗಡೆಯೇ ಇರಬೇಕು. ಅಲಾರಮ್ಮಿಗೂ ಆಯಸ್ಸಿದೆ, ಹಿಂದೆ ಬರೆದಿರುವ ತಾರೀಖು ನೋಡಿ. ನನ್ನದರ ಮೇಲಿನ ತಾರೀಖು ನೋಡಿದಾಗ ಮೈ ಜುಮ್ಮೆಂದಿತು.

ಫ್ರಿಜ್ಜು ಇನ್ನೂ ಹಳೆಯದೇ, ಗ್ಯಾಸಿನಲ್ಲಿ ನಡೆಯುವಂಥದ್ದು. ಬೆಂಕಿ ಹಚ್ಚಿ ಐಸ್ ಮಾಡುವ ಈ ಯಂತ್ರದೊಳಗೆ ಮೋಟರೇ ಇಲ್ಲ, ಅಮೋನಿಯಾ ಕಾಯಿಸಿ ಸುತ್ತಾಡಿಸುವುದರಲ್ಲೇ ಎಲ್ಲ ನಡೆಯುತ್ತದೆ. ಆದರೆ ಗಾಡಿ ವಾಲಿಕೊಂಡು ನಿಂತರೆ ಒಳಗಿನ ದ್ರವ ಸರಿಯಾಗಿ ಹರಿಯುವುದಿಲ್ಲ. ಹಾಗೇ ಬಿಟ್ಟರೆ ಯಂತ್ರವೇ ಹಾಳು. ಅದಕ್ಕೇ ಎಲ್ಲಿ ನಿಲ್ಲಿಸಿದರೂ ಮೊದಲು ರಸಮಟ್ಟ ಇಟ್ಟು ನೋಡುವ ಅಭ್ಯಾಸವಾಗಿಬಿಟ್ಟಿದೆ. ಹೊರಗಿನ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಹಳೇ ಕನ್ವರ್ಟರ್ ಮಾತ್ರ ತೆಗೆದು ಹಾಕಿದೆ. ಸದಾ ಗುಂಯ್ ಅನ್ನುತ್ತಾ ಬ್ಯಾಟರಿಯ ನೀರನ್ನು ಕುದಿಸುತ್ತಿತ್ತು.

ಹಾಗಾದರೆ ತಗೋಬಹುದಾ? ಮರದ ಕೆಲಸ ನಿಮಗೆ ಇಷ್ಟವಿದ್ದರೆ, ಅಥವಾ ನನ್ನ ಭಾವನಂಥ ಭಾವ ಇದ್ದರೆ, ತಗೊಳ್ಳಿ. ಎಂಜಿನ್ ಸುಮಾರಾಗಿದ್ದು ಅಟ್ಟ ಗಟ್ಟಿ ಇರುವ ಗಾಡಿ, ಎಂಜಿನ್ ಗಟ್ಟಿ ಇದ್ದು ಅಟ್ಟ ಒದ್ದೆಯಾಗಿರುವ ಗಾಡಿ, ಎರಡೂ ಒಂದೇ ಬೆಲೆಗೆ ಸಿಕ್ಕಿದರೆ ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನು ತಗೊಳ್ಳಿ. ಎಂಜಿನ್ನನ್ನು ಬಿಚ್ಚಿ ಬೇರೆ ಹಾಕಬಹುದು. ವಾರದ ಕೆಲಸ.

ಮೊನ್ನೆ ಎರಡು ದಿನ ಬಿಡದೆ ಮಳೆ ಸುರಿಯಿತು. ರಾತ್ರಿ ಟಾರ್ಚು, ಮೀಟರು ಹಿಡಿದುಕೊಂಡು ಅಟ್ಟ ಹತ್ತಿದೆ. ಬಲ ಮೂಲೆ 9, ನಡುವೆ 10, ಎಡ ಮೂಲೆ 19. ಸೂಜಿ ಒರೆಸಿ ಮತ್ತೆ ಚುಚ್ಚಿದೆ. 19. ಭಾವನಿಗೆ ಇನ್ನೂ ಹೇಳಿಲ್ಲ, ಶನಿವಾರ ಬನ್ನಿ ಅಂತ ಮಾತ್ರ ಹೇಳಿದ್ದೇನೆ.