ಮೂರು ವರ್ಷದ ಬಳಕೆ: ಡಿಜಿಟಲ್ ಸಿ.ಜಿ. ತಕ್ಕಡಿ ಮತ್ತು ಕಬ್ಬಿನ ಗದ್ದೆಗೆ ಬಿದ್ದ ಜೆಟ್

ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ವಿಮಾನದ ಸಿ.ಜಿ., ಅಂದರೆ ಬ್ಯಾಲೆನ್ಸ್ ಪಾಯಿಂಟ್, ಅಳೆಯುವ ತಕ್ಕಡಿ ಇದು. ಮೂರೂವರೆ ಸಾವಿರ ಕೊಟ್ಟು ತರಿಸಿಕೊಂಡು ಮೂರು ವರ್ಷ ಆಯಿತು. ಅಲ್ಲಿಯವರೆಗೆ ಎರಡು ತೋರುಬೆರಳ ಮೇಲೆ ರೆಕ್ಕೆ ಇಟ್ಟು, ವಿಮಾನ ಸಮನಾಗಿ ನಿಲ್ಲುತ್ತದಾ ಅಂತ ನೋಡುತ್ತಿದ್ದೆ. ಹಾರಿಸಲು ಕಲಿಯುವವರ ಟ್ರೈನರ್ ವಿಮಾನಕ್ಕೆ ಅಷ್ಟು ಸಾಕು, ಜೆಟ್‌ಗೆ ಸಾಲದು. ನನ್ನ ಫೋಮ್ ಜೆಟ್ 1,650 ಗ್ರಾಂ, ಅದರಲ್ಲಿ ಬ್ಯಾಟರಿಯೇ 550. ಬ್ಯಾಟರಿ 3 ಸೆಂ.ಮೀ. ಸರಿದರೆ ಬ್ಯಾಲೆನ್ಸ್ ಪಾಯಿಂಟ್ 1 ಸೆಂ.ಮೀ. ಸರಿಯುತ್ತದೆ.

ತಕ್ಕಡಿಯಲ್ಲಿ ಎರಡು ಸ್ಟ್ಯಾಂಡ್, ರೆಕ್ಕೆಗೊಂದೊಂದು. ಪ್ರತಿಯೊಂದರಲ್ಲೂ ಮುಂದೊಂದು, ಹಿಂದೊಂದು ಸೆನ್ಸರ್. ರೆಕ್ಕೆಯ ಮುಂದಿನ ಅಂಚನ್ನು ಗೂಟಕ್ಕೆ ತಾಗಿಸಿ ಇಟ್ಟರೆ, ಹಿಂದೆ ಮುಂದೆ ಬಿದ್ದ ತೂಕ ಲೆಕ್ಕ ಹಾಕಿ ಬ್ಯಾಲೆನ್ಸ್ ಪಾಯಿಂಟ್ ಗೂಟದಿಂದ ಎಷ್ಟು ಮಿ.ಮೀ. ಹಿಂದಿದೆ ಅಂತ ತೋರಿಸುತ್ತದೆ.

ಮೊದಲನೇ ಸಲವೇ ಎಡವಟ್ಟಾಯಿತು. ಬ್ಯಾಲೆನ್ಸ್ ಪಾಯಿಂಟ್ 85 ಮಿ.ಮೀ. ಹಿಂದಿರಬೇಕು ಅಂತ ಜೆಟ್‌ನ ಪುಸ್ತಕದಲ್ಲಿ ಇತ್ತು, ರೆಕ್ಕೆ ಬುಡದ ಮುಂದಿನ ಅಂಚಿನಿಂದ. ತಕ್ಕಡಿಯಲ್ಲಿ 85 ಬರುವವರೆಗೆ ಬ್ಯಾಟರಿಯನ್ನು ಹಿಂದಕ್ಕೆ ತಳ್ಳಿದೆ. ಇಷ್ಟು ಹಿಂದೆ ಯಾಕೆ ಹೋಗಬೇಕು ಅಂತ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಮಂಡ್ಯದ ಹೊರಗೆ ಸೈಟ್ ಮಾಡಿ ಬಿಟ್ಟ ಲೇಔಟ್ ಒಂದಿದೆ. ಅಲ್ಲಿನ ಟಾರ್ ರಸ್ತೆಯಿಂದ ಎಬ್ಬಿಸಿದೆ. ಎದ್ದಿದ್ದೇ ತಡ ಮೂತಿ ಆಕಾಶಕ್ಕೆ ಹೋಯಿತು. ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ, ಎಲಿವೇಟರ್, ಪೂರ್ತಿ ಕೆಳಗೆ ಕೊಟ್ಟರೂ ಕೇಳಲಿಲ್ಲ. ಒಂದು ಕ್ಷಣ ನಿಂತು, ಪಕ್ಕಕ್ಕೆ ವಾಲಿ, ಕಬ್ಬಿನೊಳಗೆ ಹೋಯಿತು. ಒಂದೂವರೆ ಗಂಟೆ ಹುಡುಕಿದೆ, ಕೈಯೆಲ್ಲ ಗರಿ ಗೀರು. "ಬುಡಿ ಸ್ವಾಮಿ, ಕಬ್ಬು ಕಡ್ಯೋವಾಗ ಸಿಕ್ಕೇ ಸಿಗ್ತದೆ" ಅಂದರು ಗದ್ದೆಯವರು. ಪುಣ್ಯಕ್ಕೆ ಅಷ್ಟು ದಿನ ಕಾಯಬೇಕಾಗಲಿಲ್ಲ.

ತಪ್ಪು ಗೊತ್ತಾಗಿದ್ದು ಮನೆಗೆ ಬಂದು ಸ್ಕೇಲ್ ಹಿಡಿದಾಗ. ಜೆಟ್‌ನ ಹೊಟ್ಟೆ ಅಗಲ, ಕೆಳಗೆ ಚಕ್ರ ಬೇರೆ. ಹಾಗಾಗಿ ಸ್ಟ್ಯಾಂಡ್ ಬುಡಕ್ಕೆ ಬರುವುದಿಲ್ಲ, 6 ಸೆಂ.ಮೀ. ಆಚೆ ನಿಲ್ಲುತ್ತದೆ. ನೇರ ರೆಕ್ಕೆಯಾಗಿದ್ದರೆ ಚಿಂತೆ ಇರಲಿಲ್ಲ. ಇದು 30 ಡಿಗ್ರಿ ಹಿಂದಕ್ಕೆ ಬಾಗಿದ ರೆಕ್ಕೆ, ಅಲ್ಲಿ ಅಂಚು ಬುಡಕ್ಕಿಂತ ಸುಮಾರು 35 ಮಿ.ಮೀ. ಹಿಂದಿರುತ್ತದೆ. ಅಂದರೆ ನಾನು ಹಾರಿಸಿದ್ದು 85ಕ್ಕಲ್ಲ, 120ಕ್ಕೆ! ಈಗ ಎರಡೂ ಬುಡದ ಅಂಚಿಗೆ ದಾರ ಎಳೆದು, ಗೂಟಕ್ಕೂ ದಾರಕ್ಕೂ ಇರುವ ಅಂತರ ಅಳೆದು, 85ರಲ್ಲಿ ಕಳೆಯುತ್ತೇನೆ. ತಕ್ಕಡಿಯಲ್ಲಿ 50 ಬಂದರೆ ಸರಿ.

ಫ್ಯಾನ್ ಆರಿಸಿ ಅಳೆಯಿರಿ, ಇಲ್ಲದಿದ್ದರೆ ಅಂಕಿ ಕುಣಿಯುತ್ತಲೇ ಇರುತ್ತದೆ. ಆಷಾಢದ ಗಾಳಿಯಲ್ಲಿ ಹೊರಗಂತೂ ಆಗದ ಮಾತು. ಚಕ್ರ ಮಡಚುವ ಜೆಟ್ ಆದರೆ ಚಕ್ರ ಮಡಚಿ ಒಮ್ಮೆ, ಬಿಚ್ಚಿ ಒಮ್ಮೆ ನೋಡಿ. ಬ್ಯಾಟರಿ ಬದಲು ಇಂಧನದಲ್ಲಿ ಓಡುವ ಟರ್ಬೈನ್ ಜೆಟ್ ಇರುವ ಗೆಳೆಯರೊಬ್ಬರು ಇದೇ ತಕ್ಕಡಿಯನ್ನು ಒಯ್ದು, ದೊಡ್ಡ ಟ್ಯಾಂಕ್ ಖಾಲಿ ಇಟ್ಟೇ ಅಳೆಯುತ್ತಾರೆ. ಇಂಧನ ಮುಗಿದು ಇಳಿಯುವಾಗಲೂ ಬಾಲ ಭಾರ ಆಗಬಾರದು, ಅಲ್ವಾ.

85 ಕೂಡ ಕೊನೆಯ ಮಾತಲ್ಲ. ಎತ್ತರದಲ್ಲಿ 45 ಡಿಗ್ರಿ ಹತ್ತಿಸಿ, ತಲೆಕೆಳಗು ಮಾಡಿ ರಿಮೋಟ್‌ನ ಸ್ಟಿಕ್ ಬಿಟ್ಟು ನೋಡಿದೆ. ಮೂತಿ ತಟ್ಟನೆ ನೆಲದ ಕಡೆ ಬಗ್ಗಿತು, ಇನ್ನೂ ಮೂತಿ ಭಾರ. ಸ್ವಲ್ಪ ಸ್ವಲ್ಪವೇ ಹಿಂದೆ ತಂದು ಈಗ 91ಕ್ಕೆ ನಿಂತಿದ್ದೇನೆ. ಲ್ಯಾಂಡಿಂಗ್ ಮೆತ್ತಗೆ ಬರುತ್ತದೆ.

ಸೆನ್ಸರ್ ಇನ್ನೂ ಸರಿಯಾಗಿದೆ. ಅರ್ಧ ಕೆ.ಜಿ. ತೂಕದ ಕಲ್ಲು ಇಟ್ಟರೆ 499, 500 ತೋರಿಸುತ್ತದೆ. ಒಂದು ಗೂಟದ ತಿರುಪು ಸಡಿಲವಾಗಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಳೆದಿದ್ದು ತಿರುಪಿಗಲ್ಲ, ಬಾಗಿದ ರೆಕ್ಕೆ ಬಗ್ಗೆ ಅದರ ಜೊತೆ ಬಂದ ಹಾಳೆಯಲ್ಲಿ ಒಂದು ಸಾಲೂ ಇಲ್ಲದಿದ್ದಕ್ಕೆ.