ಒಂದೇ ಹೆಸರು, ಬೇರೆ ಬೇರೆ ಎನ್‌ಕೋಡಿಂಗ್: ಮೂರು ಡೇಟಾಬೇಸ್‌ಗಳಲ್ಲಿ ಹುಡುಕಿ ನೋಡಿದೆ

ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ಮುಂಚೆ ನಾನೊಂದು ಪರೀಕ್ಷೆ ಮಾಡಿದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್ ಮೂರಕ್ಕೂ ‘ಯುಟಿಎಫ್-8’ ಅನ್ನೋ ಹೆಸರು ಕೊಟ್ಟು ನೋಡಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ. ಎಲ್ಲ ಭಾಷೆಗಳ ಅಕ್ಷರಗಳಿರುವ ಯೂನಿಕೋಡ್ ಪಟ್ಟಿಯನ್ನು ಹಾಗೆ ಬರೆದಿಡುವ ಒಂದು ಕ್ರಮ ಯುಟಿಎಫ್-8.

ಪೋಸ್ಟ್‌ಗ್ರೆಸ್ ಸಲೀಸಾಗಿ ಗುರುತಿಸಿತು. ‘ಪಿಜಿ_ಚಾರ್_ಟು_ಎನ್‌ಕೋಡಿಂಗ್’ ಫಂಕ್ಷನ್‌ಗೆ ದೊಡ್ಡಕ್ಷರದಲ್ಲಿ ಕೊಡಿ, ಸಣ್ಣಕ್ಷರದಲ್ಲಿ ಕೊಡಿ, ನಡುವೆ ಅಡ್ಡಗೆರೆ ಹಾಕಿ, ಬಿಡಿ, ಉತ್ತರ 6, ಅಂದರೆ ಪೋಸ್ಟ್‌ಗ್ರೆಸ್ ಒಳಗೆ ಆ ಎನ್‌ಕೋಡಿಂಗ್‌ಗಿರುವ ನಂಬರ್. ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಹಾಕಿ ಆಮೇಲೆ ಹುಡುಕುತ್ತದೆ, ಅದಕ್ಕೇ ಹೀಗೆ. ‘ಯೂನಿಕೋಡ್’ ಎಂದರೂ 6. ಗೊತ್ತಿಲ್ಲದ ಹೆಸರಿಗೆ -1. ಆದರೆ ಎಲ್ಲ ಹೆಸರುಗಳ ಪಟ್ಟಿ ಬೇಕೆಂದರೆ ಸಿದ್ಧ ಟೇಬಲ್ ಇಲ್ಲ. ನಂಬರುಗಳನ್ನು ಒಂದೊಂದಾಗಿ ಕೊಟ್ಟು ಹೆಸರು ಕೇಳಬೇಕು.

ಮೈಎಸ್‌ಕ್ಯೂಎಲ್‌ನಲ್ಲಿ ಅಡ್ಡಗೆರೆ ಹಾಕಿದ ತಕ್ಷಣ ಎರರ್ 1115. ಹೆಸರು ಸರಿಯಾಗಿಯೇ ಬರೆಯಬೇಕು. ಆದರೆ ಅದರ ಪಟ್ಟಿ ನನಗೆ ತುಂಬಾ ಇಷ್ಟ. ‘ಶೋ ಕ್ಯಾರೆಕ್ಟರ್ ಸೆಟ್’ ಎಂದರೆ ಹೆಸರು, ವಿವರಣೆ, ಡೀಫಾಲ್ಟ್ ಕೊಲೇಶನ್ (ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ), ಜೊತೆಗೆ ಒಂದು ಅಕ್ಷರಕ್ಕೆ ಜಾಸ್ತಿ ಅಂದರೆ ಎಷ್ಟು ಬೈಟ್ ಅನ್ನೋದೂ ಸಿಗುತ್ತದೆ. ಆ ಕೊನೆಯ ಕಾಲಂ ನೋಡಲೇಬೇಕು. ಬಹಳ ವರ್ಷ ಇಲ್ಲಿ ‘ಯುಟಿಎಫ್8’ ಅಂದರೆ ‘ಯುಟಿಎಫ್8ಎಂಬಿ3’, ಅಂದರೆ 3 ಬೈಟ್ ಮಾತ್ರ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಒತ್ತು-ಗುಣಿತದ ಚಿಹ್ನೆಗೂ 3 ಬೈಟ್ ಸಾಕು. ಹಾಗಾಗಿ ಕನ್ನಡ ಹಾಕಿ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. 4 ಬೈಟಿನ ಎಮೋಜಿ ಬಂದಾಗಲೇ ಕೊರತೆ ಗೊತ್ತಾಗೋದು. ಪೂರ್ತಿ ಯೂನಿಕೋಡ್ ಬೇಕಾದರೆ ‘ಯುಟಿಎಫ್8ಎಂಬಿ4’ ಎಂದೇ ಬರೆಯಿರಿ. ಮೈಎಸ್‌ಕ್ಯೂಎಲ್ 8.0ರಿಂದ ಅದೇ ಡೀಫಾಲ್ಟ್.

ಒರಾಕಲ್‌ನ ಹೆಸರುಗಳದ್ದು ಬೇರೆಯದೇ ದಾರಿ. ‘ಎನ್‌ಎಲ್‌ಎಸ್_ಚಾರ್‌ಸೆಟ್_ಐಡಿ’ ಫಂಕ್ಷನ್‌ಗೆ ಅದರದೇ ಹೆಸರು ಕೊಡಬೇಕು, ಇಲ್ಲದಿದ್ದರೆ ನಲ್ (ಖಾಲಿ ಉತ್ತರ) ಬರುತ್ತದೆ. ಅಲ್ಲಿ ‘ಎಎಲ್32ಯುಟಿಎಫ್8’ರ ನಂಬರ್ 873. ‘ಯುಟಿಎಫ್8’ ಎಂಬ ಹೆಸರೂ ಇದೆ, ನಂಬರ್ 871. ಅದರಲ್ಲಿ ಎಮೋಜಿಯಂಥ ಅಕ್ಷರ 6 ಬೈಟ್ ತಿನ್ನುತ್ತದೆ. ಅದು ನಾವಂದುಕೊಂಡ ಯುಟಿಎಫ್-8 ಅಲ್ಲವೇ ಅಲ್ಲ.

ಹೆಸರು ಹುಡುಕುವುದಕ್ಕೆ ನನ್ನ ಮತ ಪೋಸ್ಟ್‌ಗ್ರೆಸ್‌ಗೆ. ಆದರೆ ಹೆಸರು ಸಿಕ್ಕಿತು ಅಂತ ಅಲ್ಲಿಗೇ ಬಿಡಬೇಡಿ. ಪಶ್ಚಿಮ ಯುರೋಪಿನ ಭಾಷೆಗಳಿಗೆ ಬಳಸುವ ‘ಲ್ಯಾಟಿನ್1’ ಎನ್‌ಕೋಡಿಂಗ್ ನೋಡಿ, ಪೋಸ್ಟ್‌ಗ್ರೆಸ್‌ನಲ್ಲೂ ಇದೆ, ಮೈಎಸ್‌ಕ್ಯೂಎಲ್‌ನಲ್ಲೂ ಇದೆ. ಮೊದಲನೆಯದರಲ್ಲಿ ಅದು ನಿಜವಾದ ಐಎಸ್ಒ 8859-1. ಎರಡನೆಯದರಲ್ಲಿ ವಿಂಡೋಸ್-1252. ಯೂರೋ ಚಿಹ್ನೆ € ಹಾಕಿ ನೋಡಿ. ಮೈಎಸ್‌ಕ್ಯೂಎಲ್ ಅದನ್ನು ಇಟ್ಟುಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಡೇಟಾ ಸಾಗಿಸುವ ಮುಂಚೆ ನಾನೀಗ ಮೊದಲು ಹಾಕಿ ನೋಡೋದು ಒಂದು € ಮತ್ತು ಒಂದು ಎಮೋಜಿ.